ನೀರು ಕುಡಿದವರೆಲ್ಲ ಗೈರುಹಾಜರು

ದೊಡ್ಡಾಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಸಾಫ್ಟ್‌ವೇರಿನ ಪ್ರತಿಯೊಂದು ರಿಕ್ವೈರ್‌ಮೆಂಟನ್ನೂ ‘ಬೌಂಡರಿ ವ್ಯಾಲ್ಯೂ’ ಎಂಬ ಒಂದೇ ವಿಧಾನದಿಂದ ಪರೀಕ್ಷಿಸತಕ್ಕದ್ದು ಎಂಬ ತಮ್ಮ ಸುತ್ತೋಲೆಯ ದೆಸೆಯಿಂದ ನನ್ನ ತಂದೆ ನೀರು ಕುಡಿಯುವುದನ್ನು ಬಿಟ್ಟಿದ್ದಾರೆ. ಅವರಿಗೆ ಮೂತ್ರಪಿಂಡದಲ್ಲಿ ಕಲ್ಲು. ಎತ್ತಣ ಸುತ್ತೋಲೆ, ಎತ್ತಣ ಕಲ್ಲು ಎಂದು ತಾವು ಹುಬ್ಬೇರಿಸಬಹುದು. ಎರಡನ್ನೂ ಜೋಡಿಸಿದ ಪುಣ್ಯಾತ್ಮ ನಾನೇ. ಆಸ್ಪತ್ರೆಯ ಟೋಕನ್ ಸಾಫ್ಟ್‌ವೇರನ್ನು ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ಸಹಿ ಹಾಕಿದ ಟೆಸ್ಟರ್.

ಇದು ಬಹಿರಂಗ ಪತ್ರವಾದ್ದರಿಂದ, ಓದುವ ಸಾರ್ವಜನಿಕರಿಗೆ ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಒಳಗಿನ ಕೋಡ್ ಕಡೆ ಕಣ್ಣೆತ್ತಿಯೂ ನೋಡದೆ, ಸಾಫ್ಟ್‌ವೇರನ್ನು ಮುಚ್ಚಿದ ಪೆಟ್ಟಿಗೆ ಎಂದೇ ಭಾವಿಸಿ, ಇದನ್ನು ಕೊಟ್ಟರೆ ಅದು ಬರುತ್ತದೆಯೇ ಎಂದು ನೋಡುವುದು. ಏನೇನು ಕೊಟ್ಟು ನೋಡಬೇಕೆಂದು ಆರಿಸಲು ಹಲವು ವಿಧಾನಗಳಿವೆ. ಬೌಂಡರಿ ವ್ಯಾಲ್ಯೂ ಅವುಗಳಲ್ಲೊಂದು: ಮಿತಿಗಿಂತ ಚೂರು ಕಡಿಮೆ, ಸರಿಯಾಗಿ ಮಿತಿ, ಚೂರು ಹೆಚ್ಚು ಎಂದು ಅಂಚಿನಲ್ಲಿ ಕೆಣಕಿ ನೋಡುವುದು. ಇದೆಂದರೆ ನನಗೆ ಪಂಚಪ್ರಾಣ. ಮನೆಗೆ ಹೊಸ ಛತ್ರಿ ಬಂದರೆ ಪೂರ್ತಿ ಬಿಚ್ಚಿ, ಇನ್ನೊಂದು ಬೆರಳು ಹೆಚ್ಚಿಗೆ ಬಿಚ್ಚಿ, ಕಡ್ಡಿ ಮುರಿದ ಮೇಲೆ ‘ಮಿತಿ ಗೊತ್ತಾಯಿತು’ ಎಂದು ಬೀಗುವವನು ನಾನು. ಮಳೆಯಲ್ಲಿ ನೆನೆಯುವವಳು ಹೆಂಡತಿ. ಹಾಗಾಗಿ ತಮ್ಮ ಸುತ್ತೋಲೆ ಬಂದಾಗ ಆಸ್ಥಾನ ವಿದ್ವಾಂಸನ ಗತ್ತಿನಲ್ಲಿ ತಲೆದೂಗಿದೆ.

ಟೋಕನ್ ಕರೆದ ಮೂರು ನಿಮಿಷದೊಳಗೆ ಬಾರದ ರೋಗಿಯನ್ನು ಗೈರುಹಾಜರೆಂದು ಗುರುತಿಸತಕ್ಕದ್ದು ಎಂಬುದು ರಿಕ್ವೈರ್‌ಮೆಂಟ್, ಅಂದರೆ ಸಾಫ್ಟ್‌ವೇರಿಗೆ ಆಸ್ಪತ್ರೆ ವಿಧಿಸಿದ ಬೇಡಿಕೆ. ಮೂರು ನಿಮಿಷಕ್ಕೆ ಒಂದು ಸೆಕೆಂಡ್ ಕಡಿಮೆ ಇಟ್ಟು ನೋಡಿದೆ, ಸರಿಯಾಗಿ ಮೂರಕ್ಕೆ ನೋಡಿದೆ, ಒಂದು ಸೆಕೆಂಡ್ ಹೆಚ್ಚಿಸಿ ನೋಡಿದೆ. ಎಲ್ಲವೂ ಹಸಿರು, ಅಂದರೆ ಪಾಸು. ಮೀಟಿಂಗಿನಲ್ಲಿ ತಾವು ಬೆನ್ನು ತಟ್ಟಿದಿರಿ. ಆ ಬಿಸಿ ಆರುವ ಮೊದಲೇ ಅಕ್ಕನ ಫೋನ್ ಬಂತು.

ಸಾಫ್ಟ್‌ವೇರನ್ನು ಮೊದಲು ಅಳವಡಿಸಿದ ಮೂತ್ರಪಿಂಡ ವಿಭಾಗಕ್ಕೆ ಅಪ್ಪನನ್ನು ಕರೆದೊಯ್ದವಳು ಅವಳು. ಅಲ್ಲಿ ವೈದ್ಯರು ಹೇಳುವ ಮೊದಲ ಮಾತೇ ಚೆನ್ನಾಗಿ ನೀರು ಕುಡಿಯಿರಿ ಎಂದು. ಚೆನ್ನಾಗಿ ಕುಡಿದವರು ಎಲ್ಲಿರುತ್ತಾರೆ ಮಾನ್ಯರೇ? ಕಾರಿಡಾರಿನ ಕೊನೆಯ ಶೌಚಾಲಯದ ಮುಂದೆ ಸರದಿಯಲ್ಲಿ. ಅಕ್ಕ ಲ್ಯಾಬಿನಿಂದ ರಿಪೋರ್ಟ್ ತರಲು ಹೋಗಿದ್ದಾಗ ಅಪ್ಪ ಎದ್ದು ಹೋಗಿ ಬಂದರು. ಅಷ್ಟರಲ್ಲಿ ಪರದೆಯ ಮೇಲೆ ಗೈರುಹಾಜರಾಗಿದ್ದರು. ಒಮ್ಮೆ ಗೈರಾದವರನ್ನು ಮತ್ತೆ ಸಾಲಿಗೆ ಸೇರಿಸಲು ಸಾಫ್ಟ್‌ವೇರಿನಲ್ಲಿ ದಾರಿಯೇ ಇಲ್ಲ. ಹೊಸ ಟೋಕನ್ ಕೇಳಿದರೆ, ಇವತ್ತಿನದು ಆಗಲೇ ಕೊಟ್ಟಾಗಿದೆ ಎನ್ನುತ್ತದೆ. ಕೌಂಟರಿನ ನರ್ಸ್ ಅಪ್ಪನ ಮುಖವನ್ನೇ ನೋಡುತ್ತ, ಕಂಪ್ಯೂಟರ್ ಪ್ರಕಾರ ಇವರು ಇಲ್ಲ ಎಂದು ಪಾಪ ಒದ್ದಾಡಿದರಂತೆ. ಬೆಂಚಿನ ತುಂಬ ಅಂಥದೇ ಗೈರುಹಾಜರಿಗಳು ಕುಳಿತಿದ್ದರಂತೆ. ಅಕ್ಕ ನನಗೆ ಬೈಯಲಿಲ್ಲ.

“ಅಲ್ವೋ, ಎದ್ದು ಹೋದೋರು ವಾಪಸ್ ಬರ್ತಾರೆ ಅಂತ ನಿಂಗೆ ಒಂದ್ಸಲನೂ ಹೊಳೀಲಿಲ್ವಾ?” ಎಂದಷ್ಟೇ ಕೇಳಿದಳು.

ಅವಳು ಕೇಳಿದ್ದಕ್ಕೆ ನಮ್ಮ ಕಸುಬಿನಲ್ಲಿ ‘ಸ್ಟೇಟ್ ಟ್ರಾನ್ಸಿಷನ್’, ಅಂದರೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವುದು, ಎಂಬ ಭಾರಿ ಹೆಸರಿದೆ. ಅದರ ಬಗ್ಗೆ ಹೊಸಬರಿಗೆ ಬಣ್ಣಬಣ್ಣದ ಚಿತ್ರ ತೋರಿಸಿ ಉಪನ್ಯಾಸ ಬಿಗಿದವನೂ ನಾನೇ. ಕಾಯುತ್ತಿದ್ದಾರೆ, ಕರೆಯಲಾಗಿದೆ, ಗೈರು ಎಂದು ಮೂರು ವೃತ್ತ ಬರೆದು ಬಾಣ ಎಳೆದಿದ್ದರೆ, ಗೈರಿನಿಂದ ಹೊರಬರುವ ಬಾಣವೇ ಇಲ್ಲದ್ದು ಕಣ್ಣಿಗೆ ಹೊಡೆಯುತ್ತಿತ್ತು. ವೃದ್ಧರು, ಸ್ಟ್ರೆಚರಿನಲ್ಲಿ ಬಂದವರು, ಬೇರೆ ವಿಭಾಗದಿಂದ ಕಳಿಸಲ್ಪಟ್ಟವರು ಒಟ್ಟಿಗೆ ಬಂದರೆ ಯಾರು ಮೊದಲು ಎಂಬಂಥ ಕಡೆ, ಷರತ್ತುಗಳನ್ನೆಲ್ಲ ಸೇರಿಸಿ ನೋಡುವ ‘ಡಿಸಿಷನ್ ಟೇಬಲ್’ ಬೇಕು. ಮಿತಿ ಇರುವಲ್ಲಿ ಮಾತ್ರ ನನ್ನ ಪಂಚಪ್ರಾಣವಾದ ಬೌಂಡರಿ ವ್ಯಾಲ್ಯೂ. ಮೊದಲು ರಿಕ್ವೈರ್‌ಮೆಂಟ್ ಎಂಥದೆಂದು ನೋಡಿ, ಆಮೇಲೆ ವಿಧಾನ ಆರಿಸಬೇಕು. ಅಳತೆಯ ಟೇಪು ಎಷ್ಟೇ ಕರಾರುವಾಕ್ಕಾಗಿದ್ದರೂ ಅದರಿಂದ ಜ್ವರ ನೋಡಲಾದೀತೇ? ಒಂದೇ ವಿಧಾನವಾದರೆ ವರದಿ ಅಂದವಾಗಿ ಕಾಣುತ್ತದೆ ಎಂದಿರಿ. ಒಪ್ಪಿದೆ, ನಮ್ಮ ವರದಿ ಬಹಳ ಅಂದವಾಗಿದೆ.

ಇದನ್ನೆಲ್ಲ ಬಿನ್ನವಿಸಿಕೊಂಡಾಗ, ವಾಪಸು ಬರುವ ವಿಷಯ ರಿಕ್ವೈರ್‌ಮೆಂಟಿನಲ್ಲಿ ಇಲ್ಲವಲ್ಲ ಎಂದು ಮುಗಿಸಿಬಿಟ್ಟಿರಿ. ಈಗ ಇದೇ ಸಾಫ್ಟ್‌ವೇರ್ ಸೋಮವಾರದಿಂದ ಎಲ್ಲ ವಿಭಾಗಗಳಿಗೂ ಹೋಗಲಿದೆಯಂತೆ, ನನ್ನ ಸಹಿ ಬೇಕಂತೆ.

ಅಪ್ಪ ಮತ್ತೆ ತೋರಿಸಬೇಕಾದದ್ದೂ ಸೋಮವಾರವೇ. ಅವರು ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಸ್ಟೇರಿಂಗ್ ಹಿಡಿದು ಕಳೆದ ವರ್ಷಗಳಲ್ಲಿ ನೀರು ಕುಡಿಯದೆ ಇದ್ದದ್ದೇ ಈ ಕಲ್ಲಿಗೆ ಮೂಲ ಎಂದು ವೈದ್ಯರ ಅಂದಾಜು. ನಿನ್ನೆ ನೀರಿನ ಬಾಟಲಿ ಮುಂದಿಟ್ಟೆ. ಪಕ್ಕಕ್ಕೆ ಸರಿಸಿದರು.

“ಬಸ್ಸಲ್ಲಿ ಜೀವಮಾನವೆಲ್ಲ ತಡ್ಕೊಂಡೋನು ನಾನು. ಸೋಮವಾರದವರೆಗೂ ಅಭ್ಯಾಸ ಮಾಡ್ಕೋತೀನಿ. ನೀನೇನು ಯೋಚ್ನೆ ಮಾಡ್ಬೇಡ.”

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಸಮಾಧಾನ ಹೇಳಿದರು ನೋಡಿ, ಅಳು ಬಂತು.

ಆದ್ದರಿಂದ ಮಾನ್ಯರೇ, ಸುತ್ತೋಲೆ ಹಿಂಪಡೆಯಿರಿ. ಯಾವ ರಿಕ್ವೈರ್‌ಮೆಂಟಿಗೆ ಯಾವ ವಿಧಾನ ಎಂದು ಆರಿಸುವ ಹೊಣೆ ಟೆಸ್ಟರುಗಳಿಗೆ ಬಿಡಿ. ಗೈರಾದವರು ಮರಳುವ ದಾರಿ ಆಗುವವರೆಗೂ ಈ ಸಾಫ್ಟ್‌ವೇರನ್ನು ತಡೆಹಿಡಿಯಿರಿ. ನಾನಂತೂ ಸಹಿ ಹಾಕುವುದಿಲ್ಲ. ಸೋಮವಾರ ಕಚೇರಿಯಲ್ಲಿ ನನ್ನನ್ನು ಗೈರುಹಾಜರೆಂದು ಧಾರಾಳವಾಗಿ ಗುರುತಿಸಿಕೊಳ್ಳಿ. ಮೂತ್ರಪಿಂಡ ವಿಭಾಗದ ಬೆಂಚಿನ ಮೇಲೆ ಅಪ್ಪನ ಟೋಕನ್ ಹಿಡಿದು ಕುಳಿತಿರುತ್ತೇನೆ, ಕರೆದರೆ ‘ಇದ್ದಾರೆ’ ಎಂದು ಕೈಯೆತ್ತಲು. ಅವರು ನೀರು ಕುಡಿಯಲಿ, ನಿಧಾನವಾಗಿ ಹೋಗಿ ಬರಲಿ.

ಇಂತಿ,
ಮೂರು ನಿಮಿಷದ ಆಚೆ ಏನಿದೆ ಎಂದು ಈಗಷ್ಟೇ ಕಲಿಯುತ್ತಿರುವ,
ತಾವೇ ಬೆನ್ನು ತಟ್ಟಿದ ಟೆಸ್ಟರ್