ಪೂರ್ವ ಸುರಂಗದ ಹನ್ನೊಂದನೆಯ ಪೆಟ್ಟಿಗೆ

ಮಾರ್ಚ್ 3, ಸೋಮವಾರ

ಬೆಳಗಿನ ಪಾಳಿ ಇಳಿಯಿತು. ಪರದೆಯ ಮೇಲೆ ಹಸಿರು ಚುಕ್ಕಿಗಳು ಲಿಫ್ಟ್‌ನಿಂದ ಹೊರಟು ಸುರಂಗಗಳಲ್ಲಿ ಹರಡಿಕೊಂಡವು. ಒಂದು ಚುಕ್ಕಿ ಅಂದರೆ ಒಬ್ಬ ಮನುಷ್ಯ — ಟೋಪಿಯ ದೀಪದೊಳಗೆ ಒಂದು ಟ್ಯಾಗ್. ಅದು ಪಿಸುಗುಟ್ಟಿದ್ದನ್ನು ಗೋಡೆಯ ಮೇಲಿನ ಪೆಟ್ಟಿಗೆ ಕೇಳಿಸಿಕೊಂಡು ಪಕ್ಕದ ಪೆಟ್ಟಿಗೆಗೆ, ಅದು ಅದರ ಪಕ್ಕದ್ದಕ್ಕೆ... ಹೀಗೆ ದಾಟಿ ದಾಟಿ ಮೇಲಿರುವ ನನ್ನ ಕಂಟ್ರೋಲ್ ರೂಮಿಗೆ. ಪುಸ್ತಕದಲ್ಲಿ ಇದಕ್ಕೆ ಮೆಶ್ ನೆಟ್‌ವರ್ಕ್ ಅನ್ನುತ್ತಾರೆ. ನನ್ನ ತಮ್ಮ ಇಟ್ಟ ಹೆಸರು ಚಾಡಿಪೆಟ್ಟಿಗೆ. ಗಣಿಯೆಲ್ಲ ಈಗ ಹಾಗೇ ಕರೆಯುತ್ತದೆ. ಅವನು ಕೆಳಗೆ ಎಲೆಕ್ಟ್ರಿಷಿಯನ್. ಪೆಟ್ಟಿಗೆ ತೂಗುಹಾಕುವವನು ಅವನು, ಅದರೊಳಗಿನ ಸೆಟ್ಟಿಂಗ್ ನನ್ನದು.

ಸೆಟ್ಟಿಂಗ್‌ನದ್ದೇ ತಲೆನೋವು. ಯಾವ ಪೆಟ್ಟಿಗೆ ಯಾವ ಚಾನೆಲ್, ಎಷ್ಟು ಪವರ್ — ಎಲ್ಲ ಕೈಯಿಂದ ತುಂಬಿದ್ದು. ಸುರಂಗ ಪ್ರತಿ ವಾರ ಮುಂದಕ್ಕೆ ಹೋಗುತ್ತದೆ. ಒಂದು ದೊಡ್ಡ ಯಂತ್ರ ಅಡ್ಡ ನಿಂತರೂ ಲೆಕ್ಕವೆಲ್ಲ ತಲೆಕೆಳಗು. ಮ್ಯಾನೇಜರ್ ಇವತ್ತು ಬಂದು ಎಲ್ಲ ಆಟೊಮ್ಯಾಟಿಕ್ ಮಾಡು ಅಂದರು. ಅವರ ದನಿ ಏರಿದ್ದನ್ನು ಯಾರೂ ಕೇಳಿಲ್ಲ, ಅದಕ್ಕೇ ಸೈಲೆನ್ಸರ್ ಅಂತ ಹೆಸರು. ಆಯಿತು ಸರ್ ಅಂದೆ. ಮನಸ್ಸಿಲ್ಲ.

ಮಾರ್ಚ್ 6

ಆಟೊ ಚಾನೆಲ್ ಹಾಕಿದೆ. ಪೆಟ್ಟಿಗೆಗಳು ತಾವೇ ಕಿವಿಗೊಟ್ಟು, ಗದ್ದಲ ಕಡಿಮೆ ಇರುವ ಚಾನೆಲ್ ಆರಿಸಿಕೊಂಡು ಒಟ್ಟಿಗೆ ಅಲ್ಲಿಗೆ ಹೋಗಬೇಕು. ಹೋದವು — ಪೂರ್ವ ಸುರಂಗದ ತುದಿಯ ಹದಿಮೂರನೆಯದೊಂದನ್ನು ಬಿಟ್ಟು. ಹೊರಡೋಣ ಎಂದಿದ್ದು ಅದಕ್ಕೆ ಕೇಳಿಸಿಲ್ಲ. ಹಳೆ ಚಾನೆಲ್‌ನಲ್ಲೇ ಕೂತಿದೆ, ಒಂಟಿ. ತಮ್ಮ ಅಷ್ಟು ದೂರ ನಡೆದುಹೋಗಿ ಬಟನ್ ಒತ್ತಿದ. ವೈರ್‌ಲೆಸ್‌ನಲ್ಲಿ ಅವನ ದನಿ: “ಅಕ್ಕಾ, ನಿನ್ನ ಪೆಟ್ಟಿಗೆ ಮುನಿಸ್ಕೊಂಡಿತ್ತು. ಸಮಾಧಾನ ಮಾಡಿದೀನಿ.”

ತೀರ್ಮಾನ: ಚಾನೆಲ್ ಬದಲಾವಣೆ ಪಾಳಿಗಳ ನಡುವೆ ಮಾತ್ರ, ಕೆಳಗೆ ಯಾರೂ ಇಲ್ಲದಾಗ. ಪವರ್ ಮಾತ್ರ ಯಾವಾಗಲೂ ಆಟೊ.

ಮಾರ್ಚ್ 11

ಪವರ್‌ನದ್ದು ಕೈಹಿಡಿಯಿತು. ಪಕ್ಕದ ಪೆಟ್ಟಿಗೆ ಚೆನ್ನಾಗಿ ಕೇಳಿಸುತ್ತಿದ್ದರೆ ದನಿ ತಗ್ಗಿಸುತ್ತದೆ. ಕೇಳಿಸದಾದರೆ ಏರಿಸುತ್ತದೆ. ಎಲ್ಲವೂ ಒಟ್ಟಿಗೆ ಅರಚಿದರೆ ಯಾರ ಮಾತೂ ಯಾರಿಗೂ ಕೇಳದು — ತಮ್ಮನಿಗೆ ಹೀಗೇ ವಿವರಿಸಿದೆ. ಅಂದರೆ ಅಮ್ಮನ ತದ್ವಿರುದ್ಧ ಅಂದ. ಅಮ್ಮನಿಗೆ ಕಿವಿ ಮಂದ. ಪಕ್ಕದಲ್ಲೇ ಕೂತವರ ಹತ್ತಿರವೂ ಬೀದಿಗೆ ಕೇಳುವ ಹಾಗೆ ಮಾತು.

ಪರೀಕ್ಷೆಗೆ ಹತ್ತನೆಯದನ್ನು ಅವನು ಆಫ್ ಮಾಡಿದ. ಒಂಬತ್ತು, ಹನ್ನೊಂದು ಎರಡೂ ದನಿ ಏರಿಸಿ, ಖಾಲಿ ಜಾಗ ದಾಟಿ ಒಂದನ್ನೊಂದು ಹಿಡಿದುಕೊಂಡವು. ಪರದೆ ಮತ್ತೆ ಹಸಿರು. ಸೈಲೆನ್ಸರ್ ಕೂಡ ನಕ್ಕರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ.

ಸಂಜೆ ತಮ್ಮನ ಮನೆಯಲ್ಲಿ ಊಟ. ಗಂಡ ಹೆಂಡತಿ ಅಡುಗೆಮನೆಗೆ ಹಳದಿ ಬಣ್ಣ ಬಳಿದಿದ್ದಾರೆ. ಎರಡು ಗೋಡೆ ಒಂದು ಹಳದಿ, ಇನ್ನೆರಡು ಇನ್ನೊಂದು. ಇವನು ಅಂಗಡಿಯಲ್ಲಿ ಬೇರೆ ಡಬ್ಬಿ ತಂದನಂತೆ. ಅವಳು ನಗುತ್ತಲೇ ಬೈಯುತ್ತಿದ್ದಳು.

ಮಾರ್ಚ್ 14, ಮಧ್ಯಾಹ್ನ

ಪೂರ್ವ ಸುರಂಗ ಕುಸಿದಿದೆ. ಹನ್ನೆರಡು, ಹದಿಮೂರನೆಯ ಪೆಟ್ಟಿಗೆಗಳು ಪರದೆಯಲ್ಲಿ ಇಲ್ಲ. ಉಳಿದವರು ಹೊರಬಂದರು. ಇಬ್ಬರು ಬಂದಿಲ್ಲ. ಒಬ್ಬ ಡ್ರಿಲ್ಲರ್.

ಇನ್ನೊಬ್ಬ ನನ್ನ ತಮ್ಮ.

ಮಾರ್ಚ್ 14, ಸಂಜೆ

ಕಲ್ಲಿನ ಈಚೆ ಉಳಿದಿರುವ ಕೊನೆಯ ಪೆಟ್ಟಿಗೆ ಹನ್ನೊಂದು. ಪಕ್ಕದ್ದು ಕೇಳಿಸುತ್ತಿಲ್ಲ ಎಂದು ಪವರ್ ಏರಿಸುತ್ತ ಹೋಯಿತು. ಈಗ ತುತ್ತತುದಿ. ಇನ್ನು ಏರಲಾರದು.

ತಮ್ಮನ ಚುಕ್ಕಿ ಬಂತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಹೋಯಿತು. ಮತ್ತೆ ಬಂತು. ರಕ್ಷಣಾ ತಂಡದವರಿಗೆ ಜಾಗ ತೋರಿಸಿದೆ. ನನ್ನ ಬೆರಳು ಪರದೆ ಬಿಟ್ಟು ಬರುತ್ತಿಲ್ಲ. ಜೀವ ಇದೆಯಾ ಅಂತ ಕೇಳಿದರು. ಟ್ಯಾಗ್‌ಗೆ ಜೀವ ಇದೆ ಅಂದೆ. ಅಷ್ಟೇ ನನಗೆ ಗೊತ್ತಾಗುವುದು.

ಮಾರ್ಚ್ 16

ಕೊರೆಯುತ್ತಲೇ ಇದ್ದಾರೆ. ನೆಲ ಸಣ್ಣಗೆ ನಡುಗುತ್ತದೆ, ಲೋಟದ ನೀರಿನಲ್ಲಿ ಕಾಣುತ್ತದೆ.

ಬೆಳಿಗ್ಗೆ ನೋಡಿದರೆ ಹನ್ನೊಂದರ ಪವರ್ ಇಳಿದಿದೆ. ಯಾರೂ ಮುಟ್ಟಿಲ್ಲ. ಪೆಟ್ಟಿಗೆ ತಾನೇ ಲೆಕ್ಕ ಹಾಕಿಕೊಂಡಿದೆ: ಹನ್ನೆರಡು, ಹದಿಮೂರು ಇನ್ನಿಲ್ಲ. ಆ ಕಡೆಯಿಂದ ಯಾರೂ ಕರೆಯುತ್ತಿಲ್ಲ. ಈ ಕಡೆ ಹತ್ತನೆಯದು ಚೆನ್ನಾಗಿ ಕೇಳಿಸುತ್ತಿದೆ. ಮತ್ತೆ ಕೂಗುವುದೇಕೆ? ಪರದೆಯ ಮೂಲೆಯಲ್ಲಿ ಹಸಿರು ಅಕ್ಷರ — ನೆಟ್‌ವರ್ಕ್ ಆರೋಗ್ಯ: ಉತ್ತಮ.

ಆಟೊ ಕಿತ್ತುಹಾಕಿದೆ. ಹನ್ನೊಂದಕ್ಕೆ ಮಾತ್ರ ಕೈಯಿಂದ ಗರಿಷ್ಠ ಪವರ್. ಅದರ ಕೂಗು ಕಲ್ಲು ದಾಟಿದರೆ ಟ್ಯಾಗ್ ಓಗೊಡಬಹುದು. ಸೈಲೆನ್ಸರ್ ಹಿಂದೆ ನಿಂತು ನೋಡಿದರು. ಹೊರಟುಹೋದರು.

ಚುಕ್ಕಿ ಬಂದಿಲ್ಲ.

ಮಾರ್ಚ್ 17

ಇಲ್ಲ.

ಮಾರ್ಚ್ 22

ಮತ್ತೊಮ್ಮೆ ಕುಸಿಯಿತು. ರಕ್ಷಣಾ ತಂಡದ ಒಬ್ಬನ ಭುಜ ಮುರಿದಿದೆ. ಹುಡುಕುವುದು ನಿಲ್ಲಿಸಿದರು. ಕುಸಿದ ಕಡೆಗೆ ಅಡ್ಡಗೋಡೆ ಕಟ್ಟುತ್ತಾರಂತೆ.

ಅಮ್ಮನಿಗೆ ಹೇಳುವ ಕೆಲಸ ನನ್ನ ಪಾಲಿಗೆ. ಕಿವಿಗೆ ಮೆಷಿನ್ ಹಾಕಿಕೊಂಡಿರಲಿಲ್ಲ. ಮೆಲ್ಲಗೆ ಹೇಳಿದೆ. ಆಂ? ಅಂದಳು. ಮತ್ತೆ ಹೇಳಿದೆ. ಮತ್ತೆ ಆಂ? ಕೊನೆಗೆ ಕೂಗಿದೆ. ಹುಡುಕೋದು ನಿಲ್ಲಿಸಿದ್ದಾರೆ, ಅವನು ಬರಲ್ಲ ಅಂತ. ಎದುರುಮನೆಯ ಕಿಟಕಿ ತೆರೆದುಕೊಂಡಿತು. ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು.

“ಅಷ್ಟ್ಯಾಕೆ ಕೂಗ್ತೀಯ. ಮೊದಲ್ನೇ ಸಲಾನೇ ಕೇಳಿಸ್ತು.”

ಏಪ್ರಿಲ್ 2

ವಿಚಾರಣೆ. ಉದ್ದನೆ ಮೇಜು, ನೀರಿನ ಬಾಟಲಿಗಳು. ನೆಟ್‌ವರ್ಕ್ ಬಗ್ಗೆ ಕೇಳಿದರು. ಎಚ್ಚರಿಕೆ ಸಿಗುವ ಹಾಗಿತ್ತಾ? ಇಲ್ಲ. ಪೆಟ್ಟಿಗೆಗಳಿಗೆ ಬಂಡೆ ಬಿರುಕು ಬಿಡುವುದು ತಿಳಿಯದು. ಸೆಟ್ಟಿಂಗ್ ಸರಿಯಿತ್ತಾ? ಸರಿಯಿತ್ತು. ಎಲ್ಲ ಹೇಗೆ ನಡೆಯಬೇಕೋ ಹಾಗೇ ನಡೆದಿದೆ ಎಂದು ಬರೆದುಕೊಂಡು, ನನಗೆ ಥ್ಯಾಂಕ್ಸ್ ಹೇಳಿ ಕಳಿಸಿದರು.

ಒಂದು ತಪ್ಪು ಸಿಕ್ಕಿದ್ದರೂ ಸಾಕಿತ್ತು. ತಲೆ ಚಚ್ಚಿಕೊಳ್ಳಲು ಒಂದು ಗೋಡೆಯಾದರೂ ಇರುತ್ತಿತ್ತು.

ಹೊರಗೆ ಬೆಂಚಿನ ಮೇಲೆ ತಮ್ಮನ ಹೆಂಡತಿ ಕೂತಿದ್ದಳು. ಹನ್ನೊಂದನೆಯ ಪೆಟ್ಟಿಗೆ ಪೂರ್ತಿ ಪವರ್‌ನಲ್ಲಿ ಕೂಗುತ್ತಿರುವ ವಿಷಯ ಅವಳಿಗೆ ಯಾರೋ ಹೇಳಿದ್ದಾರೆ. ಇನ್ನೂ ಕೂಗ್ತಾ ಇದೆಯಾ ಅಂದಳು. ಇದೆ ಅಂದೆ.

“ಅದನ್ನ ಇಳಿಸ್ಬೇಡಿ ಅತ್ತಿಗೆ. ಯಾರು ಹೇಳಿದ್ರೂ ಇಳಿಸ್ಬೇಡಿ.”

ಇಳಿಸುವುದಿಲ್ಲ ಅಂದೆ.

ಏಪ್ರಿಲ್ 9

ಅವಳು ದಿನಾ ಸಂಜೆ ಫೋನ್ ಮಾಡುತ್ತಾಳೆ. ಒಂದೇ ಪ್ರಶ್ನೆ — ಇದೆಯಲ್ವಾ? ಇದೆ. ಅವಳ ಕಡೆ ಕುಕ್ಕರ್ ಕೂಗುವುದು ಕೇಳುತ್ತದೆ. ಒಬ್ಬಳಿಗೆ ಎಷ್ಟು ಅಕ್ಕಿ ಹಾಕುತ್ತಾಳೋ. ಫೋನ್ ಇಟ್ಟುಬಿಡುತ್ತಾಳೆ.

ಇಲ್ಲಿ ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಪವರ್ ಏರಿಸಿದರೆ ಪೆಟ್ಟಿಗೆಯ ಮಾತು ದೂರ ಹೋಗುತ್ತದೆ, ಅಷ್ಟೇ. ಅದರ ಕಿವಿ ಚುರುಕಾಗುವುದಿಲ್ಲ. ಟ್ಯಾಗ್‌ನ ಬ್ಯಾಟರಿ ಯಾವಾಗಲೋ ಸತ್ತಿದೆ. ಎಷ್ಟು ಕೂಗಿದರೂ ಓಗೊಡಲು ಆ ಕಡೆ ಏನೂ ಉಳಿದಿಲ್ಲ. ಈ ಕೆಲಸ ಕಲಿತ ಮೊದಲ ವಾರವೇ ಗೊತ್ತಿದ್ದ ವಿಷಯ ಇದು. ಗೊತ್ತಿದ್ದೂ ಬೆಳಿಗ್ಗೆ ಬಂದ ಕೂಡಲೇ ಮೊದಲು ಹನ್ನೊಂದನ್ನೇ ನೋಡುತ್ತೇನೆ.

ಏಪ್ರಿಲ್ 19

ಕುಸಿತದ ನಂತರ ನಿಂತಿದ್ದ ಉತ್ತರ ಸುರಂಗದ ಕೆಲಸ ಈ ವಾರ ಮತ್ತೆ ಶುರುವಾಗಿದೆ. ಅಲ್ಲಿ ಚುಕ್ಕಿಗಳು ಜಿಗಿಯುತ್ತಿವೆ. ಕಾರಣ ನೋಡಿದ ಕೂಡಲೇ ತಿಳಿಯಿತು. ಹನ್ನೊಂದು ಇರುವುದು ಪೂರ್ವ, ಉತ್ತರ ಎರಡೂ ಸುರಂಗ ಕವಲೊಡೆಯುವ ಜಾಗದಲ್ಲಿ. ಅದರ ಅರಚಾಟ ಉತ್ತರದ ತನಕ ಹೋಗುತ್ತದೆ. ಅಲ್ಲಿನ ಟ್ಯಾಗ್‌ಗಳು ತಲೆಮೇಲಿನ ಪೆಟ್ಟಿಗೆಯನ್ನು ಬಿಟ್ಟು ಇದಕ್ಕೇ ಅಂಟಿಕೊಳ್ಳುತ್ತವೆ. ಇದರ ಕೂಗು ಅವಕ್ಕೆ ಕೇಳುತ್ತದೆ, ಅವುಗಳ ಪಿಸುಮಾತು ಇದಕ್ಕೆ ಯಾವಾಗಲೋ ಒಮ್ಮೆ ಕೇಳಿದರೆ ಉಂಟು, ಆಗ ಚುಕ್ಕಿ ಕವಲಿಗೆ ಜಿಗಿಯುತ್ತದೆ.

ಬೇರೆ ಚಾನೆಲ್‌ಗೆ ಹಾಕೋಣ ಅಂದರೆ ಒಂಟಿಯಾಗುತ್ತದೆ. ಹದಿಮೂರು ಆಗಿತ್ತಲ್ಲ, ಹಾಗೆ. ಉತ್ತರದ ಪೆಟ್ಟಿಗೆಗಳ ಪವರ್ ಏರಿಸಿ ನೋಡಿದೆ. ಗದ್ದಲ ಇನ್ನೂ ಹೆಚ್ಚಾಯಿತು. ನೋಡೋಣ.

ಏಪ್ರಿಲ್ 23

ಉತ್ತರದಲ್ಲಿ ಒಬ್ಬ ಪಂಪ್ ಆಪರೇಟರ್ ಜಾರಿ ಬಿದ್ದು ಕಾಲು ಮುರಿದುಕೊಂಡ. ಜೊತೆಯಲ್ಲಿ ಯಾರೂ ಇರಲಿಲ್ಲ. ಅವನ ಚುಕ್ಕಿ ಕವಲಿನಲ್ಲಿ, ಹನ್ನೊಂದರ ಹತ್ತಿರ ಕಂಡಿತು. ಎಲ್ಲರೂ ಅಲ್ಲಿಗೆ ಓಡಿದರು. ಅವನು ಇದ್ದದ್ದು ಒಳಗೆ, ಬಹಳ ಒಳಗೆ, ನೀರು ಏರುತ್ತಿದ್ದ ಗುಂಡಿಯ ಪಕ್ಕ. ಸಿಕ್ಕಿದಾಗ ನೀರು ಎದೆಮಟ್ಟ.

ಸ್ಟ್ರೆಚರ್ ಕಿಟಕಿಯ ಮುಂದೆ ಹಾದುಹೋಯಿತು. ನನ್ನನ್ನು ನೋಡಿ ಕೈ ಎತ್ತಿದ. ಮೇಡಂ ಪರದೆಯಲ್ಲಿ ನೋಡಿ ಹುಡುಕಿಸಿದರು ಅಂತ ಅವನಿಗೆ ಯಾರೋ ಹೇಳಿದ್ದಾರೆ.

ಕಿಟಕಿಗೆ ಬೆನ್ನು ಹಾಕಿ ಕೂತೆ.

ಸೈಲೆನ್ಸರ್ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಯಾವತ್ತೂ ಕೂತವರಲ್ಲ. ಪರದೆಯ ಮೇಲೆ ಹನ್ನೊಂದನ್ನು ತೋರಿಸಿದರು.

“ನಾನು ಆರ್ಡರ್ ಮಾಡಲ್ಲಮ್ಮ. ಮಾಡಬೇಕಾಗಿತ್ತು, ಮಾಡಲಿಲ್ಲ. ಈಗಲೂ ಬಾಯಿ ಬರ್ತಿಲ್ಲ. ಕೆಳಗೆ ಇರೋರನ್ನ ನೋಡಿ ನೀನೇ ಮಾಡು.”

ಎದ್ದು ಹೋದರು. ಹನ್ನೊಂದನ್ನು ಆಯ್ಕೆ ಮಾಡಿದೆ. ಪವರ್: ಆಟೊ. ಸೇವ್. ಖಚಿತವೇ ಎಂದು ಕೇಳಿತು. ಹೌದು ಒತ್ತಿದೆ.

ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಮೆಟ್ಟಿಲು ಇಳಿಯಿತು. ಇನ್ನೊಂದು. ಉತ್ತರದ ಚುಕ್ಕಿಗಳು ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತವು. ಎಣಿಸಿದೆ. ಎಲ್ಲರೂ ಇದ್ದರು. ಕೆಳಗಿಳಿದ ಎಲ್ಲರೂ.

ಸಂಜೆ ಫೋನ್ ಬಂತು. ಇದೆಯಲ್ವಾ ಅಂದಳು.

ಇದೆ ಅಂದೆ.

ಏಪ್ರಿಲ್ 24

ಇದೆ ಅಂದೆ.

ಏಪ್ರಿಲ್ 27

ಇವತ್ತು ಅವಳು ಪ್ರಶ್ನೆ ಕೇಳಿ ಸುಮ್ಮನಾಗಲಿಲ್ಲ. ಹೊಸ ಕೆಲಸಕ್ಕೆ ಕರೆದಿದ್ದಾರಂತೆ, ಬೇರೆ ಊರಿನಲ್ಲಿ. ಹೋಗುವುದಿಲ್ಲ ಅಂದಳಂತೆ. “ಅದು ಕೂಗ್ತಾ ಇರೋವಾಗ ನಾನು ಹೇಗೆ ಬಿಟ್ಟು ಹೋಗ್ಲಿ, ನೀವೇ ಹೇಳಿ.”

ನಾನೇನು ಹೇಳಲಿ. ಹೋಗು ಅನ್ನಬೇಕಾದರೆ ಪವರ್ ಇಳಿಸಿದ್ದನ್ನು ಹೇಳಬೇಕು. ಇದನ್ನು ಹೇಳಿದರೆ ಅವಳಿಗೆ ಉಳಿಯುವುದೇನು. ಹೇಳದಿದ್ದರೆ ಆ ಎರಡು ಬಣ್ಣದ ಅಡುಗೆಮನೆಯಲ್ಲಿ ಕೂತೇ ಇರುತ್ತಾಳೆ. ಬಾಯಿ ತೆರೆದೆ. ಕುಕ್ಕರ್ ಕೂಗಿತು. ಇಟ್ಟುಬಿಟ್ಟಳು.

ಏಪ್ರಿಲ್ 28, ಸಂಜೆ

ಪರದೆಯೆಲ್ಲ ಹಸಿರು. ಪಾಳಿ ಮೇಲೆ ಬಂದಿದೆ. ಕಾರಿಡಾರಿನಲ್ಲಿ ಬೂಟುಗಳ ಸದ್ದು, ಯಾರೋ ನಗುತ್ತಿದ್ದಾರೆ. ಇವತ್ತು ಅವಳಿಗೆ ಹೇಳಲೇಬೇಕು. ಅಭ್ಯಾಸ ಮಾಡಿಕೊಂಡಿದ್ದೇನೆ. ಮೊದಲು ನೀರು ಕುಡಿದು, ಆಮೇಲೆ ಹೀಗೆ — ನೋಡಮ್ಮ, ಅವತ್ತು ಉತ್ತರದಲ್ಲಿ ಒಬ್ಬರು ಬಿದ್ದಿದ್ದರು, ಅದಕ್ಕೇ ನಾನು...

ಫೋನ್. ಅವಳೇ. ಎತ್ತಿದ ಕೂಡಲೇ, ಅವಳು ಕೇಳುವ ಮೊದಲೇ, ಇದೆ ಅಂದೆ.