ಚಿನಕುರುಳಿಯ ದವಡೆ

ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕನಿಗೆ,

ನೀನೂ ಭಾವನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಫೋನು ಎತ್ತಲಿಲ್ಲ, ಪತ್ರಕ್ಕೂ ಉತ್ತರ ಬರೆಯಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ಕಿರುಚಿಬಿಡುತ್ತೇನೆ ಎಂಬ ಭಯವಿತ್ತು.

ಮೊದಲು ಸುದ್ದಿ ಹೇಳುತ್ತೇನೆ. ನನ್ನ ಚಿನಕುರುಳಿ ಮಗಳ ದವಡೆ ಉಳಿಯಿತು ಅಕ್ಕಾ, ಪೂರ್ತಿ ಉಳಿಯಿತು.

ನಮ್ಮ ಬೀದಿ ಕೊನೆಯ ಹಲ್ಲಿನ ಡಾಕ್ಟರನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮಗುವಿನ ಕೆನ್ನೆ ಊದಿದೆ ಎಂದು ಕರೆದುಕೊಂಡು ಹೋದರೆ, ಹುಳುಕು ಹಲ್ಲು ಎಂದು ಕಿತ್ತ. ಊತ ಇಳಿಯಲಿಲ್ಲ ಎಂದರೆ ಮಾತ್ರೆ ಬರೆದ. ಮತ್ತೆ ಹೋದರೆ ಇನ್ನೊಂದು ಹಲ್ಲು, ಇನ್ನಷ್ಟು ಮಾತ್ರೆ. "ಚಾಕಲೇಟು ಕೊಟ್ಟೂ ಕೊಟ್ಟೂ ನೀವೇ ಕೆಡಿಸಿದ್ದೀರಿ" ಎಂದು ನನಗೇ ಬೈದ. ಎಕ್ಸ್‌ರೇ ಯಂತ್ರ ಅವನ ಕುರ್ಚಿಯ ಪಕ್ಕದಲ್ಲೇ ಇತ್ತು. ಪುಣ್ಯಾತ್ಮ ಅದಕ್ಕೆ ತನ್ನ ಕೋಟು ನೇತುಹಾಕಿದ್ದ!

ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಗೊತ್ತಾಯಿತು, ಕೆಳದವಡೆಯ ಮೂಳೆಯೊಳಗೆ ಗಡ್ಡೆ ಎಂದು. ಅಲ್ಲಿನ ದೊಡ್ಡ ಸರ್ಜನ್ನು ಅವಳ ಕೆನ್ನೆಯ ಮೇಲೆ ಪೆನ್ನಿನಿಂದ ಗೆರೆ ಎಳೆದು, ಸುತ್ತ ನಿಂತಿದ್ದ ವಿದ್ಯಾರ್ಥಿಗಳಿಗೆ, "ಇಲ್ಲಿಂದ ಇಲ್ಲಿತನಕ ತೆಗೆದುಬಿಡೋದು" ಎಂದ. ಕರಿಹಲಗೆಯ ಮೇಲೆ ಬರೆದ ಹಾಗೆ, ನನ್ನ ಮಗುವಿನ ಮುಖದ ಮೇಲೆ! "ಆಮೇಲೆ ನಾನು ಹೇಗೆ ಅಗಿಯೋದು?" ಎಂದು ಅವಳು ಕೇಳಿದಳು. ಆ ಮಹಾರಾಯ ಅವಳತ್ತ ನೋಡದೆ ನನಗೆ ಹೇಳಿದ: "ದೊಡ್ಡವಳಾದ್ಮೇಲೆ ಬೇರೆ ಮೂಳೆ ಕೂರಿಸೋಣ." ಅದು ಎಂಥ ಗಡ್ಡೆ ಎಂದು ಪರೀಕ್ಷೆ ಕೂಡ ಆಗಿರಲಿಲ್ಲ. ನಾನು ಅವಳನ್ನು ಎತ್ತಿಕೊಂಡು ಹೊರಗೆ ಬಂದು, ನಲ್ಲಿಯ ಹತ್ತಿರ ಸೋಪು ಹಚ್ಚಿ ಆ ಗೆರೆ ಉಜ್ಜಿದೆ. ಹೋಗಲೇ ಇಲ್ಲ, ಹಾಳಾದ್ದು.

ಅಲ್ಲಿಂದ ಮಕ್ಕಳ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಮೊದಲು ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ಮೇಲೆ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳಿಗೇ ಹೇಳಿದರು: "ನಿನ್ನ ಮೂಳೆಯೊಳಗೆ ನೀರು ತುಂಬಿದ ಚೀಲ ಇದೆ ಮರಿ. ಸಣ್ಣ ಕೊಳವೆ ಇಡ್ತೀನಿ. ನೀರು ಹೊರಗೆ ಬಂದಷ್ಟೂ ಚೀಲ ಕುಗ್ಗುತ್ತೆ, ಮೂಳೆ ಬೆಳೆಯುತ್ತೆ. ಎಲ್ಲಾ ಗಡ್ಡೆಗೂ ಹೀಗೆ ಮಾಡೋಕಾಗಲ್ಲ. ನಿಂದಕ್ಕೆ ಆಗುತ್ತೆ."

"ಕೊಳವೆ ಕಟ್ಕೊಂಡ್ರೆ ಪ್ಲಂಬರ್ ಕರೀಬೇಕಾ?" ಎಂದಳು ನಮ್ಮ ತಲೆಹರಟೆ.

ಪ್ಲಂಬರ್ ನಾನೇ ಆದೆ. ಬೆಳಿಗ್ಗೆ ಸಂಜೆ ಉಪ್ಪುನೀರಿನ ಸಿರಿಂಜು ಹಿಡಿದು ಕೊಳವೆ ತೊಳೆದೆ. ಮೊದಮೊದಲು ಒದೆಯುತ್ತಿದ್ದಳು, ಆಮೇಲೆ ಕನ್ನಡಿ ಮುಂದೆ ನಿಂತು ತಾನೇ ತೊಳೆದುಕೊಳ್ಳಲು ಕಲಿತಳು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಹೋದ ವಾರ ಕೊಳವೆ ತೆಗೆದು, ಒಳಗೆ ಉಳಿದದ್ದನ್ನು ಕೆರೆದು ಸ್ವಚ್ಛ ಮಾಡಿದರು. ಮತ್ತೆ ಬಂದರೂ ಬರಬಹುದು, ವರ್ಷಗಟ್ಟಲೆ ತೋರಿಸುತ್ತಿರಬೇಕು ಎಂದಿದ್ದಾರೆ. ತೋರಿಸುತ್ತೇವೆ. ಕೆನ್ನೆ ಇನ್ನೂ ಕೊಂಚ ಊದಿಕೊಂಡಿದೆ, ಇರಲಿ ಬಿಡು.

ಭಾವನ ಮಂಡಿನೋವು ಬೇಗ ವಾಸಿಯಾಗಲಿ. ನಿನ್ನ ಮಕ್ಕಳು ನೂರು ಕಾಲ ನಗುನಗುತ್ತಾ ಇರಲಿ ಎಂದು ಚಿಕ್ಕಮ್ಮ ಹರಸಿದಳೆಂದು ಹೇಳು.

ನಿನ್ನ ತಂಗಿ

ಇನ್ನೊಂದು ಮಾತು. ಮನೆಮಂದಿಯೆಲ್ಲ ಒಟ್ಟಿಗೆ ತೆಗೆಸಿಕೊಂಡ ಫೋಟೋಗೆ ಕಟ್ಟು ಹಾಕಿಸಿ ಕಳಿಸಿದ್ದೆಯಲ್ಲ, ಅದನ್ನು ವಾಪಸು ಕಳಿಸುತ್ತಿದ್ದೇನೆ. ಸ್ಟುಡಿಯೋದವನಿಗೆ ಹೇಳಿ ಅವಳ ಕೆನ್ನೆಯ ಊತ ಅಳಿಸಿ ನುಣ್ಣಗೆ ಮಾಡಿಸಿದ್ದೀಯ. ಪ್ರೀತಿಯಿಂದಲೇ ಮಾಡಿಸಿದೆ, ಗೊತ್ತು. ಆ ಸರ್ಜನ್ನಿಗೆ ಅವಳು ಯಾರೋ. ನಿನಗೆ? ಅವಳು ಫೋಟೋದಲ್ಲಿನ ಕೆನ್ನೆ ಮುಟ್ಟಿ, ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. ಆಮೇಲೆ, "ದೊಡ್ಡಮ್ಮ ಮೊದಲೇ ಹೇಳಿದ್ರೆ ನಾನು ಫೋಟೋಗೆ ನಿಲ್ತಾನೇ ಇರ್ಲಿಲ್ಲ" ಎಂದಳು.