ಎಣಿಸದೆ ಬಿಟ್ಟ ದಿನಗಳು

ಸಂಡೂರಿನ ಗಣಿಗುಹೆ
ಕ್ರಿಸ್ತಶಕ ೨೩೯೧, ಡಿಸೆಂಬರ್ ೨, ಸೋಮವಾರ

ಮುನ್ನೂರೈವತ್ತು ವರ್ಷಗಳಾಚೆ ಇರುವ ನಿಮಗೆ, ತೊರೆಯಪ್ಪನ ನಮಸ್ಕಾರ.

ಮೇಲಿನ ತಾರೀಖು ನೋಡಿ ಯಾರದೋ ಚೇಷ್ಟೆ ಎಂದುಕೊಳ್ಳಬೇಡಿ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಕಲಿತ ಕನ್ನಡವಿದು. ಕಾಗದ ಹಿಂದಕ್ಕೆ ಹೋಗುವುದಿಲ್ಲ ಎಂಬಷ್ಟು ಬುದ್ಧಿ ನನಗೂ ಇದೆ. ಆದರೂ ನಿಮಗೇ ಬರೆಯುತ್ತಿದ್ದೇನೆ, ಏಕೆಂದರೆ ಡಿಸೆಂಬರ್ ಎಂದು ಎಣಿಸುವವರು ನನ್ನ ಸುತ್ತ ಒಬ್ಬರೂ ಉಳಿದಿಲ್ಲ.

ನಾವು ಇನ್ನೂರು ಮಂದಿ ಹಳೆಯ ಗಣಿಗಳೊಳಗೆ ಬದುಕುತ್ತೇವೆ. ಹೊತ್ತು ಇಳಿದ ಮೇಲೆ ಹೊರಗೆ ಬಂದು ಸಜ್ಜೆ ಬೆಳೆಯುತ್ತೇವೆ. ನಮಗೆ ದೇವರುಗಳಿಲ್ಲ; ಯಾರೂ ಓಡಿಸಲಿಲ್ಲ, ತಲೆಮಾರು ಕಳೆದಂತೆ ಮರೆತುಹೋದರು. ನನ್ನ ಅಕ್ಕ ತಂಪವ್ವ ಉಪ್ಪುನೀರು ಸಿಹಿ ಮಾಡುವ ಯಂತ್ರ ನೋಡಿಕೊಳ್ಳಲು ಕಾರವಾರದ ಕಡಲ ದ್ವೀಪಕ್ಕೆ ಹೋಗಿ ಇಪ್ಪತ್ತು ವರ್ಷವಾಯಿತು. ನಡುವೆ ಸುಡುಬಯಲು, ಅದನ್ನು ದಾಟಿ ಈಗ ಯಾರೂ ಬದುಕಿ ಬರುವುದಿಲ್ಲ. ನಮ್ಮಿಬ್ಬರಿಗೆ ಉಳಿದದ್ದು ಗಾಳಿಮಾತು, ಅಂದರೆ ನಿಮ್ಮ ರೇಡಿಯೋದಂಥದ್ದು. ಅದಕ್ಕೆ ವರ್ಷಕ್ಕೆ ಒಂದೇ ಗಂಟೆಯ ವಿದ್ಯುತ್ತು ಸಿಗುತ್ತದೆ. ಡಿಸೆಂಬರಿನ ಮೊದಲ ಭಾನುವಾರ, ನಡುಹಗಲು. ಮೂರು ವರ್ಷ ಸತತವಾಗಿ ದನಿ ಕೇಳದಿದ್ದರೆ ಆ ಮನುಷ್ಯ ಸತ್ತನೆಂದು ಹೆಸರು ತೆಗೆದುಹಾಕುವುದು ದ್ವೀಪದವರ ಪದ್ಧತಿ.

ಮೂರು ವರ್ಷದ ಹಿಂದೆ ನಮ್ಮ ನೆರಳುಕೂಟ, ಅಂದರೆ ನೆರಳಿನಲ್ಲಿ ಕೂಡುವ ಪಂಚಾಯಿತಿ, ಹಳೆಯ ಕ್ಯಾಲೆಂಡರನ್ನು ಬಿಡಬೇಕೆಂದು ಚರ್ಚಿಸಿತು. “ಯಾವ ದೇವ್ರನ್ನೂ ನಂಬದ ನಾವು, ಯಾರ್ದೋ ದೇವ್ರು ಹುಟ್ಟಿದ ವರ್ಷದಿಂದ ಯಾಕ ಎಣಸಬೇಕು?” ಎಂದು ಹಿರಿಯ ಬೆಳಗಪ್ಪ ಕೇಳಿದ. ಮೊದಲು ಕೈ ಎತ್ತಿದವನು ನಾನೇ. ಆಮೇಲೆ ಭಾಷಣವನ್ನೂ ಬಿಗಿದೆ. ಹಿಂದೊಮ್ಮೆ ಗಾಳಿಮಾತಿನಲ್ಲಿ ಈ ಸುದ್ದಿ ಎತ್ತಿದಾಗ ಅಕ್ಕ ನಕ್ಕಿದ್ದಳು. “ದೇವ್ರ್ನ ಬಿಟ್ರೇನಾತು, ಐತವಾರ ಬಿಡಬ್ಯಾಡೋ ತಮ್ಮಾ. ನಾವಿಬ್ರೂ ಸಿಗೋದು ಅವತ್ತ” ಎಂದಿದ್ದಳು. ತಾರೀಖು ಬದಲಾದರೆ ಲೆಕ್ಕ ಹಾಕಿಕೊಂಡರಾಯಿತು ಎಂದು ನಾನು ದೊಡ್ಡ ಜಾಣನ ಹಾಗೆ ಹೇಳಿದ್ದೆ.

ಹೊಸ ಎಣಿಕೆಯಲ್ಲಿ ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು. ಮಿಕ್ಕ ಒಂದು ದಿನ ಯಾವ ತಿಂಗಳಿಗೂ ಸೇರದ ಬಿಡುದಿನ. ಅಂದು ಯಾರೂ ದುಡಿಯುವುದಿಲ್ಲ. ಜನಕ್ಕೆ ಅದು ಬಹಳ ಹಿಡಿಸಿತು. ಬಿಸಿಗಾಳಿ ಬೀಸಿ ಗುಹೆಯೊಳಗೆ ಮಲಗಿದ ದಿನಗಳನ್ನೂ ಬಿಡುದಿನವೆಂದೇ ಕರೆದೆವು. ದುಡಿಯದ ದಿನವನ್ನು ಎಣಿಸುವುದೇಕೆ ಎಂದು ಬರೆದಿಡಲೂ ಇಲ್ಲ. ಹೀಗೆ ಎಷ್ಟು ದಿನ ಕಳೆದವೋ ಯಾರಿಗೂ ಗೊತ್ತಿಲ್ಲ. ಎರಡು ವರ್ಷ ನಮ್ಮ ಲೆಕ್ಕದ ಭಾನುವಾರ ಅಕ್ಕನನ್ನು ಕೂಗಿದೆ. ಬರೀ ಗೊರಗೊರ ಸದ್ದು. ಮೊದಲ ಸಲ ಅವಳಿಗೆ ಸಿಟ್ಟು ಬಂದಿದೆ ಎಂದುಕೊಂಡೆ. ಎರಡನೆಯ ಸಲ ತಪ್ಪು ಹೊಳೆಯಿತು: ನಮ್ಮ ಭಾನುವಾರ ಅವಳ ಭಾನುವಾರವಲ್ಲ.

ಈ ವರ್ಷ ಬಿಸಿಲಲ್ಲಿ ಕೋಲು ನೆಟ್ಟು ನೆರಳು ಅಳೆದೆ. ಹಗಲು ರಾತ್ರಿ ಸಮವಾದ ದಿನದಿಂದ ಒಂದೊಂದೇ ದಿನ ಎಣಿಸಿ ಭಾನುವಾರವನ್ನು ಹಿಡಿದೆ. ಮೊನ್ನೆ ಪೂರ್ತಿ ಒಂದು ಗಂಟೆ ಕೂಗಿದೆ. ಉತ್ತರವಿಲ್ಲ.

ನಿನ್ನೆ ಮನಸ್ಸು ತಡೆಯದೆ ಮತ್ತೆ ಹೋಗಿ ಕೂತೆ. ಯಂತ್ರದಲ್ಲಿ ಮಾತಾಡುವಷ್ಟು ವಿದ್ಯುತ್ತು ಇರಲಿಲ್ಲ, ಕೇಳುವಷ್ಟು ಉಳಿದಿತ್ತು. “ತಮ್ಮಾ, ಅದೀಯೇನೋ? ಒಂದ್ ಮಾತಾಡೋ.” ಅಕ್ಕನೇ! ದನಿ ಮುದಿಯಾಗಿತ್ತು. ನನ್ನ ಎಣಿಕೆ ಒಂದು ದಿನ ತಪ್ಪಿತ್ತು; ಅಂದೇ ನಿಜವಾದ ಭಾನುವಾರ. ಓಡಿಹೋಗಿ, ಇನ್ನಿಷ್ಟು ವಿದ್ಯುತ್ತು ಕೊಡೆಂದು ಬೆಳಗಪ್ಪನ ಕಾಲು ಹಿಡಿದೆ. “ನಿನ್ನೆನ ಕೊಟ್ಟೀವಲ್ಲಪ್ಪಾ” ಎಂದ ಅವನು, ಸಿಟ್ಟಿಲ್ಲದೆ. ಮರಳಿ ಬಂದಾಗಲೂ ಅವಳು ಕರೆಯುತ್ತಲೇ ಇದ್ದಳು. ನನ್ನ ದನಿ ಕಳಿಸಲಾರದ ಯಂತ್ರಕ್ಕೆ “ಅದೀನಿ ಅಕ್ಕಾ, ಅದೀನಿ” ಎನ್ನುತ್ತ ಕೂತೆ. ಕೊನೆಗೆ ಅವಳೇ ನನ್ನ ಹೆಸರನ್ನು ಸತ್ತವರ ಸಾಲಿನಲ್ಲಿ ಓದಿದಳು, ಸ್ವಲ್ಪ ಹೊತ್ತು ಅತ್ತಳು, ನಿಲ್ಲಿಸಿದಳು.

ನಿಮ್ಮಲ್ಲೂ ನನ್ನಂಥ ನಾಸ್ತಿಕರು ಇದ್ದೀರಿ. ನಂಬದ ದೇವರ ಹೆಸರಿನ ವರ್ಷವನ್ನು ಅರ್ಜಿಯ ಮೇಲೆ, ಮದುವೆ ಕಾಗದದ ಮೇಲೆ ಬರೆಯುತ್ತೀರಿ. ನಾಚಿಕೊಳ್ಳಬೇಡಿ, ಬರೆಯಿರಿ. ಬದಲಿಸಲೇಬೇಕೆಂದರೆ ದೂರದಲ್ಲಿರುವವರನ್ನು ಮೊದಲು ಕೇಳಿ.

ಅಕ್ಕ ಮುಂದಿನ ವರ್ಷ ಕರೆಯುವುದಿಲ್ಲ. ನಾನು ಬದುಕಿದ್ದೇನೆ. ಅವಳಿಗೆ ಹೇಳಬೇಕಾದ ಈ ಮಾತನ್ನು ನಿಮಗೆ ಹೇಳುತ್ತಿದ್ದೇನೆ.